ಕರಿಯಂಗಿ ಅಜ್ಜಯ್ಯನ ಹಣೆ

"ಚಿತ್ರ ಕೆಟ್ರೆ ನಿನ್ನ ಶೆಡ್ಡು ಇರಲ್ಲ. ಈಗ್ಲೇ ಹೇಳಿರ್ತೀನಿ. ಆಮೇಲೆ ಸಾವ್ಕಾರ ಹಂಗೆ ಮಾಡಿದ, ಹಿಂಗೆ ಮಾಡಿದ ಅಂತ ಊರ ತುಂಬ ಹೇಳ್ಕೊಂಡು ತಿರುಗಬ್ಯಾಡ."

ಕರಿಬಸವರಾಜ ಕಾರಿನಿಂದ ಇಳಿಯಲೂ ಇಲ್ಲ. ಕಿಟಕಿಯಿಂದ ಮುಖವನ್ನಷ್ಟೇ ಹೊರಗಿಟ್ಟು ಇಷ್ಟು ಹೇಳಿ, ಹಿಂದಿನ ಸೀಟು ತೋರಿಸಿದ. ಬೋರ್ಡು ಬರೆಯುತ್ತಿದ್ದ ಗುತ್ತೆಪ್ಪ ಕುಂಚವನ್ನು ಟರ್ಪೆಂಟೈನಿನ ಡಬ್ಬಿಯಲ್ಲಿ ಅದ್ದಿ, ಕೈ ಒರೆಸಿಕೊಂಡು, ಏನೂ ಮಾತಾಡದೆ ಹತ್ತಿ ಕೂತ. ಮಾತಾಡಿದ್ದರೆ ಅವನ ಬಾಯಿಂದ ಬೈಗುಳವೇ ಬರುತ್ತಿತ್ತು. ಅವನಿಗೆ ಅದು ಗೊತ್ತಿತ್ತು.

ದಾವಣಗೆರೆಯಲ್ಲಿ ಕರಿಬಸವರಾಜನ ಎಣ್ಣೆ ಗಿರಣಿಯ ಕಾಂಪೌಂಡಿಗೆ ಆತುಕೊಂಡು ನಿಂತಿದ್ದ ತಗಡಿನ ಶೆಡ್ಡು ಅದು. ಹದಡಿಯ ಶಾಲೆಯ ಗೋಡೆಗೆ ಮೇಷ್ಟರ ಮುಖವನ್ನು ಇದ್ದಹಾಗೇ ಬರೆದು, ಒದೆ ತಿಂದು, ಆರನೇ ಇಯತ್ತೆಗೇ ಶಾಲೆಗೆ ಬೆನ್ನು ತಿರುಗಿಸಿ ಪೇಟೆಗೆ ಬಂದ ಗುತ್ತೆಪ್ಪನಿಗೆ ಆ ಜಾಗ ಕೊಟ್ಟವನು ಕರಿಬಸವರಾಜನ ಅಪ್ಪ. ಗಿರಣಿಯ ಶೇಂಗಾ ಹಿಂಡಿಯ ಚೀಲಗಳಿಗೆಲ್ಲ ಗುರುತು ಬರೆದುಕೊಡಬೇಕು, ಅದಕ್ಕೆ ಬದಲಾಗಿ ಅಲ್ಲೇ ಕೂತು ಊರಿನ ಬೋರ್ಡು ಬರೆದುಕೊಳ್ಳಬೇಕು. ಬಾಯಿಮಾತು. ಕಾಗದ ಇರಲಿಲ್ಲ. ಮುದುಕ ತೀರಿಕೊಂಡ ಮೇಲೆ ಬಾಯಿಮಾತಿಗೆ ಬಾಯಿಯೂ ಇರಲಿಲ್ಲ. ರಸ್ತೆಗೆ ಮುಖವಾಗಿ ನಿಂತ ಆ ಆರು ಮೊಳದ ಜಾಗ ಹೋದರೆ ಗುತ್ತೆಪ್ಪನ ಏಳು ವರ್ಷದ ಹೆಸರೂ ಹೋದಂತೆ. ಮತ್ತೆ ಏಣಿ ಹೊತ್ತುಕೊಂಡು ಕೂಲಿಗೆ ಗೋಡೆ ಬಳಿಯುವುದೇ ಗತಿ.

ಕಾರು ಹರಿಹರದ ದಾರಿ ಹಿಡಿಯಿತು. ಹೋಗುತ್ತ ಹೋಗುತ್ತ ಸಾಹುಕಾರ ವಿಷಯ ಹೇಳಿದ.

ಹೋದ ತಿಂಗಳು ಹಾಲೆಂಡಿನಿಂದ ಡೆಕ್ಕರ್ ಎಂಬ ವ್ಯಾಪಾರಿ ಬಂದಿದ್ದ. ಅವರ ದೇಶದ ದನಗಳಿಗೆ ಇಲ್ಲಿಯ ಶೇಂಗಾ ಹಿಂಡಿ ಬೇಕಂತೆ, ಹಡಗುಗಟ್ಟಲೆ ಬೇಕಂತೆ. ಸಾಹುಕಾರನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಯಾವ ಹೊಸ ವ್ಯಾಪಾರ ಹಿಡಿದರೂ ಮಾಲಿನ ಒಂದು ಹಿಡಿಯನ್ನು ಹರಿಹರದ ಮನೆಯ ದೇವರ ಕೋಣೆಗೆ ಒಯ್ದು ಕರಿಯಂಗಿ ಅಜ್ಜಯ್ಯನ ಚಿತ್ರದ ಮುಂದೆ ಇಡಬೇಕು. ಅಜ್ಜಯ್ಯ ನೋಡಿದ ಮೇಲೆಯೇ ಮಾತು ಮುಗಿದ ಲೆಕ್ಕ. ಮೆಣಸಿನ ಕಾಲದಿಂದ, ಎತ್ತಿನ ಮೇಲೆ ಹೇರು ಹಾಕಿಕೊಂಡು ಘಟ್ಟ ಇಳಿಯುತ್ತಿದ್ದ ಕಾಲದಿಂದ ನಡೆದುಕೊಂಡು ಬಂದದ್ದು. ಡೆಕ್ಕರ್ ತಾನೂ ನೋಡುತ್ತೇನೆ ಎಂದು ಹೊಸ್ತಿಲಾಚೆ ನಿಂತು ಒಳಗೆ ಇಣುಕಿದ. ದೀಪದ ಬೆಳಕಿನಲ್ಲಿ ಮಸಿ ಹಿಡಿದ ಹಲಗೆಯನ್ನು ನೋಡಿ ಅವನ ಕೆಂಪು ಮುಖ ಇನ್ನಷ್ಟು ಕೆಂಪಾಯಿತು.

"ಅದು ನಮ್ಮೋರ ಚಿತ್ರ ಅಂದ್ಬಿಟ್ಟ ಕಣಲೇ. ಮುನ್ನೂರು ವರ್ಷದ್ದಂತೆ. ನಾವು ಯಾರೋ ಶರಣ್ರು ಅಂತ ಕೈ ಮುಗೀತಿದ್ವಿ, ನೋಡಿದ್ರೆ ಅವ್ರ ಕಡೇ ಯಾಪಾರಿ!" ಕರಿಬಸವರಾಜ ನಕ್ಕ. "ಚಿತ್ರ ಕೊಟ್ರೆ ಅವ್ರ ದೇಶದ ಮಂತ್ರಿಗೆ ಕಾಣಿಕೆ ಮಾಡ್ತಾನಂತೆ. ನನ್ನ ಹೆಸರಲ್ಲಿ. ಆಮೇಲೆ ನನ್ನ ಹಿಂಡಿ ತಡೆಯೋರು ಯಾರು? ಗುರುವಾರ ಬೆಳಗ್ಗೆ ಬರ್ತಾನೆ. ಅಷ್ಟ್ರೊಳಗೆ ಅದರ ಮಸಿ, ಜಿಡ್ಡು, ಈಬತ್ತಿ ಎಲ್ಲಾ ಹೋಗ್ಬೇಕು. ಮಠದ ಸ್ವಾಮಿಗಳ ಚಿತ್ರ ತೊಳೆದು ಹೊಸಾದು ಮಾಡಿದ್ಯಲ್ಲ, ಹಂಗೆ."

ಆ ದಿನ ಸೋಮವಾರ.

ಹರಿಹರದ ಕೋಟೆಯೊಳಗಿನ ಆ ಮನೆಯಲ್ಲಿ ಇದ್ದವಳು ಒಬ್ಬಳೇ, ಸಾಹುಕಾರನ ಸೋದರತ್ತೆ ಅಕ್ಕನಾಗಮ್ಮ. ಎಪ್ಪತ್ತರ ಮುದುಕಿ. ಹದಿಮೂರಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಚಿತ್ರವನ್ನು ದೇವರ ಕೋಣೆಯಿಂದ ಅವಳೇ ಇಳಿಸಿ ಹಿತ್ತಲ ಪಡಸಾಲೆಯಲ್ಲಿ ಮಣೆಯ ಮೇಲೆ ಒರಗಿಸಿದ್ದಳು. ಎರಡು ಮೊಳ ಎತ್ತರದ, ಬೆರಳು ದಪ್ಪದ ಮರದ ಹಲಗೆ. ಮಸಿಯ ನಡುವೆ ಕಪ್ಪು ಅಂಗಿಯೊಂದರ ಅಂದಾಜು, ಬಿಳಿಯಾಗಿದ್ದಿರಬೇಕಾದ ದೊಡ್ಡ ಕಾಲರು, ಎರಡು ಕಣ್ಣು. ಹಣೆಯ ತುಂಬ ಗೋಡೆಗೆ ಸುಣ್ಣ ಹೊಡೆದ ಹಾಗೆ ಗಟ್ಟಿಯಾಗಿ ಕೂತ ವಿಭೂತಿ.

"ಅಂಗಿ ಒರೆಸಪ್ಪಾ, ಕೈ ಒರೆಸು, ಹಿಂದಿನ ಗ್ವಾಡೆ ಒರೆಸು. ಹಣೆ ಮಾತ್ರ ಮುಟ್ಟಬ್ಯಾಡ," ಅಂದಳು ಅಕ್ಕನಾಗಮ್ಮ.

"ಏನತ್ತೆ ನೀನು! ಅವ್ರ ಮಂದಿ ಈಬತ್ತಿ ಹಚ್ಕಂತಾರಾ? ಹಣೆನೇ ಮೊದ್ಲು ಹೋಗ್ಬೇಕು."

"ನಾನು ಹೇಳೋದು ಹೇಳೀನಿ."

"ಹೇಳ್ದೆ, ಆತು. ಒಳಗೆ ಹೋಗು." ಕರಿಬಸವರಾಜ ಗುತ್ತೆಪ್ಪನ ಕಡೆ ತಿರುಗಿದ. "ಕೇಳಿಸ್ತಲ್ಲ? ಹಣೆ ಸ್ವಚ್ಛ ಆಗ್ಬೇಕು."

ಕಾರು ದಾವಣಗೆರೆಗೆ ಹೊರಟುಹೋಯಿತು.

ಮಂಗಳವಾರವೆಲ್ಲ ಗುತ್ತೆಪ್ಪ ಅಂಗಿಯ ಮೇಲೇ ಕೆಲಸ ಮಾಡಿದ. ಅಂಟುವಾಳದ ನೊರೆಯಲ್ಲಿ ಹತ್ತಿ ಅದ್ದಿ ಒಂದಂಗುಲ ಒರೆಸುವುದು, ಒಣ ಬಟ್ಟೆಯಲ್ಲಿ ಒತ್ತುವುದು, ಹಠ ಹಿಡಿದ ಜಿಡ್ಡಿಗೆ ಟರ್ಪೆಂಟೈನಿನ ಒಂದು ಹನಿ ತಾಗಿಸಿ ತಕ್ಷಣ ತೆಗೆಯುವುದು. ಮಸಿ ಬಿಟ್ಟುಕೊಂಡಂತೆ ಒಳಗಿನದು ಒಂದೊಂದಾಗಿ ಎದ್ದು ಬಂತು. ಕಪ್ಪು ಎಂದುಕೊಂಡಿದ್ದ ಅಂಗಿ ಬರೀ ಕಪ್ಪಾಗಿರಲಿಲ್ಲ; ಕಪ್ಪಿನ ಮೇಲೆ ಕಪ್ಪಿನಲ್ಲೇ ಹೂವಿನ ನೇಯ್ಗೆ ಬರೆದಿದ್ದ ಪುಣ್ಯಾತ್ಮ. ಕಾಲರಿನ ಅಂಚಿಗೆ ಸೂಜಿಮೊನೆಯಂಥ ಬಿಳಿ ಚುಕ್ಕೆಗಳು. ಎಡಗೈಯಲ್ಲಿ ಕೆಂಪು ಅರಗಿನ ಮುದ್ರೆಯ ಕಾಗದ. ಮುಂದಿನ ಮೇಜಿನ ಮೇಲೆ ಸೀಸದ ಬಣ್ಣದ ತಟ್ಟೆ, ಅದರ ತುಂಬ ಕರಿಮೆಣಸು. ಒಂದು ಕಾಳು ತಟ್ಟೆಯಿಂದ ಉರುಳಿ ಮೇಜಿನ ಅಂಚಿಗೆ ಬಂದು ನಿಂತಿತ್ತು. ಬೆನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ಉಗುರಿನಷ್ಟು ದೊಡ್ಡ ಮೂರು ಹಡಗು.

ಆದದ್ದು ಖುಷಿಯೋ ಹೊಟ್ಟೆಕಿಚ್ಚೋ ಗುತ್ತೆಪ್ಪನಿಗೇ ತಿಳಿಯಲಿಲ್ಲ. ಇದು ದೇವರೂ ಅಲ್ಲ, ಶರಣರೂ ಅಲ್ಲ. ಮಾಲು ಕೊಳ್ಳಲು ಬಂದವನೊಬ್ಬ ಸ್ಯಾಂಪಲ್ ಮುಂದಿಟ್ಟುಕೊಂಡು ಕೂತಿದ್ದಾನೆ. ಅಂಥವನನ್ನು ಬರೆಯುವುದಕ್ಕೆ ಒಬ್ಬ ಇಷ್ಟು ಕಣ್ಣು ಸವೆಸಿದ್ದಾನೆ. ಕೆಳಗಿನ ಮೂಲೆಯ ಮಸಿ ತೆಗೆದಾಗ ಅವನ ಹೆಸರೂ ಸಿಕ್ಕಿತು. ಅಕ್ಷರ ಓದಲು ಬರಲಿಲ್ಲ, ಆದರೆ ಹೆಸರು ಎಂದು ತಿಳಿಯಲು ಓದಬೇಕಾಗಿರಲಿಲ್ಲ. ಬರೆಯುವವರು ಹೆಸರು ಬಚ್ಚಿಡುವ ಜಾಗ ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಬುಧವಾರ ಮಧ್ಯಾಹ್ನ ಹಣೆಗೆ ಕೈಹಾಕಿದ.

ವಿಭೂತಿ ಹೆಪ್ಪಿನ ಹಾಗೆ ಕೂತಿತ್ತು. ಒದ್ದೆ ಹತ್ತಿಯಿಟ್ಟು ಕಾದ. ಮೆತ್ತಗಾದ ಮೇಲೆ ಮೇಲಿನ ಪದರ ಎತ್ತಿದ, ಅದರ ಕೆಳಗಿನದನ್ನು ಎತ್ತಿದ. ಚರ್ಮದ ಬಣ್ಣ ಕಾಣಬೇಕಿದ್ದ ಕಡೆ ಕಂದು ಕಂಡಿತು. ಮಸಿ ಇರಬೇಕು ಎಂದುಕೊಂಡ. ಇನ್ನೊಂದು ಸಲ ಒರೆಸಿದ. ಹತ್ತಿಗೆ ಮಸಿ ಬರಲಿಲ್ಲ. ಬಗ್ಗಿ ನೋಡಿದ.

ಹಣೆಯೇ ಇರಲಿಲ್ಲ. ಹುಬ್ಬಿನ ಮೇಲಿನಿಂದ ಕೂದಲಿನವರೆಗೆ ಬರೀ ಮರ. ಬಣ್ಣವಿಲ್ಲ, ಬಣ್ಣದ ಕೆಳಗಿನ ಅಸ್ತರಿ ಇಲ್ಲ. ಮರದಲ್ಲಿ ಅಡ್ಡಡ್ಡಕ್ಕೆ ಮೂರು ತಗ್ಗು. ಕಲ್ಲಿನ ಮೆಟ್ಟಿಲು ಕಾಲಿಗೆ ಸವೆದಂತೆ, ಬಾವಿಯ ಕಟ್ಟೆ ಹಗ್ಗಕ್ಕೆ ಸವೆದಂತೆ, ನುಣ್ಣಗೆ, ಜಿಡ್ಡುಜಿಡ್ಡಾಗಿ. ಗುತ್ತೆಪ್ಪ ತನ್ನ ಮೂರು ಬೆರಳು ಇಟ್ಟು ನೋಡಿದ. ತಕ್ಷಣ ಕೈ ಹಿಂದಕ್ಕೆಳೆದುಕೊಂಡ. ದಿನಾ ಬೆಳಗಾದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬೂದಿಯಲ್ಲಿ ಮೂರು ಬೆರಳು ಎಳೆಯುವುದು. ಒಂದು ವರ್ಷವಲ್ಲ, ಹತ್ತು ವರ್ಷವಲ್ಲ. ಭಕ್ತಿ ಮಾಡಿ ಮಾಡಿ ಅಜ್ಜಯ್ಯನ ಹಣೆಯನ್ನು ತಿಂದುಹಾಕಿದ್ದರು.

"ಅವ್ವಾರೆ!" ಎಂದು ಕೂಗಿದ. ಕೂಗು ತನಗೇ ಕೆಟ್ಟದಾಗಿ ಕೇಳಿಸಿತು.

ಅಕ್ಕನಾಗಮ್ಮ ಬಾಗಿಲಿಗೆ ಬಂದು ನಿಂತಳು. ಚಿತ್ರವನ್ನು ನೋಡಿದಳು. ಗಾಬರಿಯಾಗಲಿಲ್ಲ.

"ಹಣೆ ಮುಟ್ಟಬ್ಯಾಡ ಅಂದಿದ್ನಲ್ಲಪ್ಪಾ."

"ನಿಮಗೆ ಗೊತ್ತಿತ್ತಾ?"

"ಒಂಬತ್ತು ವರ್ಷದೋಳಿದ್ದಾಗ ನಮ್ಮಜ್ಜಿ ನನ್ನ ಬೆರಳು ಹಿಡಿದು ಹಚ್ಚಿಸಿದ್ಲು. ಅವತ್ತೇ ಬೆರಳಿಗೆ ತಗ್ಗು ಸಿಕ್ಕಿತ್ತು. ಮನೆ ಹೆಣ್ಮಕ್ಕಳಿಗೆಲ್ಲ ಗೊತ್ತು. ಗಂಡಸ್ರು ಯಾವತ್ತು ಅವನ ಮುಖ ಒರೆಸ್ಯಾರೆ, ಅವ್ರಿಗೆ ಗೊತ್ತಾಗಕ್ಕೆ?"

"ಹಂಗಾದ್ರೆ ಸಾವ್ಕಾರ್ರಿಗೆ ಒಂದು ಮಾತು ಹೇಳ್ರಿ. ನಾನು ಹೇಳಿದ್ರೆ ನಂಬ್ತಾರಾ? ನಾನೇ ಕೆರೆದೆ ಅಂತಾರೆ. ನನ್ನ ಶೆಡ್ಡು ಹೋಕ್ಕೈತ್ರಿ ಅವ್ವಾರೆ."

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಆ ನೋಟದಲ್ಲಿ ಏನೋ ತೂಗಿ ನೋಡುವುದು ನಡೆದಿತ್ತು. ಆಮೇಲೆ, "ಒಲೆ ಮೇಲೆ ಹಾಲು ಇಟ್ಟೀನಿ," ಎಂದು ಒಳಗೆ ಹೋದಳು.

ಆಗ ಗುತ್ತೆಪ್ಪನಿಗೆ ಹೊಳೆಯಿತು. ಚಿತ್ರ ಕೆಟ್ಟಿದೆ ಎಂದರೆ ಹಾಲೆಂಡಿನವನು ಒಯ್ಯುವುದಿಲ್ಲ. ಒಯ್ಯದಿದ್ದರೆ ಅಜ್ಜಯ್ಯ ಈ ಮನೆಯಲ್ಲೇ ಉಳಿಯುತ್ತಾನೆ. ಕೆಡಿಸಿದವನು ತಾನು ಎಂದಾದರೆ ಮುದುಕಿಗೂ ಒಳ್ಳೆಯದು, ಮನೆತನಕ್ಕೂ ಒಳ್ಳೆಯದು.

ಹೊತ್ತು ಇಳಿಯುವ ಮುಂಚೆ ಅವನು ಬಣ್ಣದ ಪೆಟ್ಟಿಗೆ ತೆರೆದು ಬಿಳಿಗೆ ಹಳದಿ, ಹಳದಿಗೆ ಒಂಚೂರು ಕೆಂಪು ಕಲಸಿದ. ಕೆನ್ನೆಯ ಬಣ್ಣಕ್ಕೆ ಹೊಂದಿಸಿ ನೋಡಿದ, ಹೊಂದಿತು. ಬೋರ್ಡಿಗೆ ಹಚ್ಚುವ ಬಣ್ಣ, ಬೆಳಗಾಗುವುದರೊಳಗೆ ಒಣಗುತ್ತದೆ. ಮೂರು ತಗ್ಗು ತುಂಬಿ ಒಂದು ಹಣೆ ಬರೆದುಬಿಟ್ಟರೆ ಮುಗಿಯಿತು. ಕುಂಚ ಎತ್ತಿದ. ಹಲಗೆಗೆ ಒಂದು ಬೆರಳು ದೂರದಲ್ಲಿ ಕೈ ನಿಂತಿತು. ತಾನು ಕೆಡಿಸದ ಹಣೆಯನ್ನು ತಾನೇಕೆ ಮುಚ್ಚಬೇಕು? ಮುಚ್ಚಿದರೆ ಕೆಡಿಸಿದವನೂ ತಾನೇ ಆಗುತ್ತಾನೆ. ಮೆಣಸಿನ ಕಾಳಿಗೂ ನೆರಳು ಬರೆದ ಆ ಹೆಸರಿನವನ ಚಿತ್ರದ ಮೇಲೆ ಸೋಡಾ ಅಂಗಡಿಯ ಬೋರ್ಡಿನ ಬಣ್ಣ ಬಳಿಯುವುದೇ? ಕುಂಚವನ್ನು ಅಂಗಳಕ್ಕೆ ಬೀಸಿ ಒಗೆದ. ಚಿತ್ರದ ಮೇಲೆ ಬಿಳಿ ಬಟ್ಟೆ ಹೊದಿಸಿ, ಜಗಲಿಯ ಮೇಲೆ ಕೂತ.

ಗುರುವಾರ ಒಂಬತ್ತಕ್ಕೆ ಎರಡು ಕಾರು ಬಂದವು. ಡೆಕ್ಕರ್ ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಅಷ್ಟು ಎತ್ತರದ ಆಳು. ಅವನ ಜೊತೆ ಬೊಂಬಾಯಿಯ ಏಜೆಂಟರು. ಮೂಲ ಮಂಗಳೂರು ಕಡೆಯವರು, ಕನ್ನಡವನ್ನು ಪುಸ್ತಕ ಓದಿದ ಹಾಗೆ ಆಡುತ್ತಿದ್ದರು. ಕರಿಬಸವರಾಜ ಹೊಸ ರುಮಾಲು ಸುತ್ತಿಕೊಂಡು ಮದುಮಗನ ಹಾಗೆ ಓಡಾಡುತ್ತಿದ್ದ.

"ಕೂಡ್ರಿ ಸಾಹೇಬ್ರೆ, ಕೂಡ್ರಿ. ಹಾಲು ತರಿಸ್ತೀನಿ. ಏನ್ಲೇ ಗುತ್ಯಾ, ಆತಾ?"

"ಒರೆಸೋದು ಆಗೈತ್ರಿ. ಆದ್ರೆ ಬಟ್ಟೆ ತೆಗೆಯೋಕೆ ಮುಂಚೆ ಒಂದು ಮಾತು…"

"ನಿನ್ನ ಮಾತು ಯಾರು ಕೇಳಿದ್ರು? ನಿಂತ್ಕ ಆ ಕಡೆ."

ಡೆಕ್ಕರ್ ಹಾಲಿನ ಲೋಟ ಹಿಡಿದು ಚಿತ್ರದ ಕಥೆ ಶುರುಮಾಡಿದ. ಏಜೆಂಟರು ಕನ್ನಡಕ್ಕೆ ತಿರುಗಿಸುತ್ತ ಹೋದರು.

"ಆ ಕಾಲದಲ್ಲಿ ಇವರ ಕಂಪನಿಯವರು ಮೆಣಸು, ಅಕ್ಕಿ ಬೇಕೆಂದು ಇಕ್ಕೇರಿ ಅರಸರ ಬಳಿಗೆ ಬರುತ್ತಿದ್ದರಂತೆ. ಬರಿಗೈಯಲ್ಲಿ ಬಂದರೆ ಅರಮನೆಯ ಬಾಗಿಲು ತೆರೆಯುತ್ತದೆಯೇ? ಅರಸನಿಗೆ ಏನು, ಮಂತ್ರಿಗೆ ಏನು, ಮಾಲು ಸಾಗಿಸುವ ಸೆಟ್ಟಿಗೆ ಏನು, ಎಲ್ಲವನ್ನೂ ಯೋಚಿಸಿಯೇ ತರುತ್ತಿದ್ದರಂತೆ. ಕನ್ನಡಿ, ಮಖಮಲ್ಲು, ಹೀಗೆ ಚಿತ್ರ ಕೂಡ. ನಿಮ್ಮ ಹಿರಿಯರಿಗೆ ಇದು ಹಾಗೆಯೇ ಬಂದಿರಬೇಕು ಎನ್ನುತ್ತಾರೆ."

"ನೋಡ್ರಿ ಮತ್ತೆ!" ಕರಿಬಸವರಾಜ ತೊಡೆ ತಟ್ಟಿದ. "ಅವತ್ತು ಅವ್ರು ಕೊಟ್ಟಿದ್ದು, ಇವತ್ತು ನಾವು ಕೊಡಾದು."

"ಆಗ ಅವರ ಊರಿನಲ್ಲಿ ರೊಟ್ಟಿ ಸುಡುವವನ ಮನೆಯಲ್ಲೂ ಚಿತ್ರ ತೂಗುತ್ತಿತ್ತಂತೆ. ಬಟ್ಟೆ, ಚೀಸು ಮಾರಿದ ಹಾಗೆ ಸಂತೆಯಲ್ಲಿ ಮಾರುತ್ತಿದ್ದರಂತೆ."

ಗುತ್ತೆಪ್ಪ ತಡೆಯಲಾರದೆ ಕೇಳಿಬಿಟ್ಟ. "ಬರೆಯೋನು ಎಲ್ಲಿ ಕೂತು ಬರೀತಿದ್ದ ಅಂತ ಕೇಳ್ರಿ. ಯಾರ ಜಾಗದಾಗೆ?"

ಕರಿಬಸವರಾಜ ಕಣ್ಣು ಬಿಟ್ಟ. ಏಜೆಂಟರು ನಗುತ್ತ ಕೇಳಿದರು. ಡೆಕ್ಕರ್ ಗುತ್ತೆಪ್ಪನನ್ನು ಮೊದಲ ಸಲ ಸರಿಯಾಗಿ ನೋಡಿ ಉತ್ತರ ಹೇಳಿದ.

"ಅವರದ್ದೇ ಒಂದು ಸಂಘ ಇತ್ತಂತೆ. ಹೊರಗಿನವರು ಬಂದು ಅವರ ಕೆಲಸ ಕಿತ್ತುಕೊಳ್ಳುವ ಹಾಗೆ ಇರಲಿಲ್ಲವಂತೆ."

"ಸಾಕು ಸಾಕು. ತೆಗಿ ಬಟ್ಟೆ," ಅಂದ ಸಾಹುಕಾರ.

ಗುತ್ತೆಪ್ಪ ಬಟ್ಟೆ ತೆಗೆದ.

ಮೊದಲು ಡೆಕ್ಕರನ ಬಾಯಿಂದ ಒಂದು ಉದ್ಗಾರ ಬಂತು. ಕಾಲರು, ಕಾಗದ, ಮೆಣಸು, ಹಡಗು ನೋಡಿ ಬಂದ ಉದ್ಗಾರ. ಅದು ಅರ್ಧಕ್ಕೇ ನಿಂತಿತು. ಬೆಳಕಿನಲ್ಲಿ ಆ ಮುಖ ಭಯಂಕರವಾಗಿತ್ತು. ಕೆಳಗೆ ಇನ್ನೇನು ಮಾತಾಡುವ ತುಟಿ, ಹೊಳೆಯುವ ಕಣ್ಣು. ಮೇಲೆ ಏನೂ ಇಲ್ಲ.

ಕರಿಬಸವರಾಜ ಎದ್ದು ಬಂದು ಗುತ್ತೆಪ್ಪನ ಅಂಗಿಯ ಕೊರಳು ಹಿಡಿದ.

"ಏನ್ ಮಾಡಿದ್ಯೋ ಸೂಳೇಮಗನೆ! ಎಲ್ಲಿ ಹಣೆ?"

"ಕೈ ತೆಗೀರಿ ಸಾವ್ಕಾರ್ರೆ. ಹಣೆ ನಾನು ಬರೋಕೆ ಮುಂಚೆನೇ ಇರ್ಲಿಲ್ಲ. ಈಬತ್ತಿ ಕೆಳಗೆ ಬರೀ ಮರ ಇತ್ತು. ನಿಮ್ಮನೆಯೋರ ಬೆರಳಿಗೆ ಸವೆದೈತೆ."

"ನಮ್ಮ ಬೆರಳಿಗಾ? ಉಳಿ ಹಾಕಿ ಕೆರೆದು ನಮ್ಮ ಮನೆ ಮೇಲೆ ಹೊರಸ್ತೀಯ?"

"ಅವ್ವಾರನ್ನ ಕೇಳ್ರಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕನಾಗಮ್ಮನ ಕಡೆ ಎಲ್ಲರೂ ತಿರುಗಿದರು. ಅವಳ ಸೆರಗು ತುಟಿಯ ಮೇಲಿತ್ತು.

"ಹೇಳ್ರಿ ಅವ್ವಾರೆ. ನಿನ್ನೆ ನನಗೆ ಹೇಳಿದ್ದನ್ನ ಇವರ ಮುಂದೆ ಹೇಳ್ರಿ."

ಹಿತ್ತಲಲ್ಲಿ ಕಾಗೆಯೊಂದು ಎರಡು ಸಲ ಕೂಗಿತು.

"ನನಗೇನು ಗೊತ್ತಪ್ಪಾ," ಅಂದಳು ಅಕ್ಕನಾಗಮ್ಮ. "ನಾನು ಈಬತ್ತಿ ಹಚ್ಚೋಳು. ಒಳಗೇನೈತೆ ಅಂತ ಯಾರು ನೋಡ್ಯಾರೆ."

ಎಪ್ಪತ್ತು ವರ್ಷದ ಬಾಯಿ, ಎಷ್ಟು ಸಲೀಸಾಗಿ ಹೇಳಿತು! ಗುತ್ತೆಪ್ಪ ಸಾಹುಕಾರನ ಕೈಯನ್ನು ಕೊರಳಿನಿಂದ ಕಿತ್ತು ಬಿಸಾಡಿ, ಬಣ್ಣ ಕೆರೆಯುವ ಚಾಕುವನ್ನು ಸೊಂಟದಿಂದ ತೆಗೆದ. ಏಜೆಂಟರು ಕುರ್ಚಿಸಮೇತ ಹಿಂದಕ್ಕೆ ಸರಿದರು.

"ಹೆದರಬ್ಯಾಡ್ರಿ. ನಿಮಗಲ್ಲ ಇದು."

ಹಲಗೆಯನ್ನು ಎತ್ತಿ ಹಿಂಬದಿ ತಿರುಗಿಸಿದ. "ಮುಟ್ಟಬ್ಯಾಡ್ಲೇ, ಕೆಡಿಸಬ್ಯಾಡ್ಲೇ!" ಎಂದು ಕರಿಬಸವರಾಜ ಅರಚುತ್ತಿರುವಾಗಲೇ, ಹಿಂಬದಿಯ ಮೂಲೆಯಲ್ಲಿ ಚಾಕುವಿಟ್ಟು ಒಂದು ಸಲ ಎಳೆದ. ಅಕ್ಕಿಕಾಳಿನಷ್ಟು ಹೊಟ್ಟು ಉದುರಿತು. ಕಪ್ಪು ಮರದ ನಡುವೆ ಹಸಿ ಗೆರೆ, ಗೋಧಿಯ ಬಣ್ಣ.

"ನೋಡ್ರಿ. ಇವತ್ತು ಕೆರೆದ್ರೆ ಮರ ಹಿಂಗೆ ಕಾಣ್ತೈತೆ. ಎರಡು ದಿನದ ಹಿಂದೆ ಕೆರೆದಿದ್ರೂ ಹಿಂಗೇ." ಮತ್ತೆ ಮುಂಬದಿ ತಿರುಗಿಸಿದ. "ಇದನ್ನ ನೋಡ್ರಿ ಈಗ. ಕಂದು. ಬೂದಿ ಮರದ ನಾರಿನೊಳಗೆ ಇಳಿದೈತೆ. ಉಳಿ ಹಾಕಿದ್ರೆ ಅಂಚು ಚೂಪು ಇರ್ತೈತೆ. ಇಲ್ಲಿ ಅಂಚು ಎಲ್ಲೈತೆ? ಸಾಹೇಬ್ರಿಗೆ ಹೇಳ್ರಿ, ಬೆರಳಿಟ್ಟು ನೋಡ್ಲಿ. ಕಣ್ಣು ಸುಳ್ಳು ಹೇಳಿದ್ರೂ ಬೆರಳು ಹೇಳಲ್ಲ."

ಏಜೆಂಟರು ಹೇಳಬೇಕಾಗಲಿಲ್ಲ. ಡೆಕ್ಕರ್ ಆಗಲೇ ಮಂಡಿಯೂರಿ ಕೂತಿದ್ದ. ತೋರುಬೆರಳನ್ನು ಮೊದಲನೇ ತಗ್ಗಿನಲ್ಲಿಟ್ಟು ನಿಧಾನ ಎಳೆದ, ಎರಡನೆಯದರಲ್ಲಿ ಎಳೆದ. ಹಿಂಬದಿಯ ಹಸಿ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿದ. ಎದ್ದು ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡು ಏನೋ ಹೇಳಿದ.

ಏಜೆಂಟರು ಗಂಟಲು ಸರಿಮಾಡಿಕೊಂಡರು. "ಈ ಹುಡುಗನ ತಪ್ಪಿಲ್ಲ ಎನ್ನುತ್ತಾರೆ. ಇದು ನೂರಾರು ವರ್ಷದ ಸವೆತ. ಇವನು ಒರೆಸಿರುವುದು ತುಂಬ ಚೆನ್ನಾಗಿದೆ ಅಂತಲೂ ಹೇಳಿದರು."

"ಹಂಗಾದ್ರೆ ತಗಂಡು ಹೋಗ್ತಾರಲ್ಲ? ಅವ್ರ ದೇಶದಾಗೆ ಹಣೆ ಬರೆಸ್ಕಳ್ಳಿ."

ಡೆಕ್ಕರ್ ತಲೆಯಾಡಿಸಿದ.

"ಮಂತ್ರಿಯ ಕೈಗೆ ಹಣೆಯಿಲ್ಲದ ಮುಖ ಕೊಡಲು ಆಗುವುದಿಲ್ಲವಂತೆ. ಮತ್ತೆ… ಕ್ಷಮಿಸಬೇಕು. ಮೇಲೆ ಒಂದು ಕಂಡಿತ್ತು, ಒಳಗೆ ಒಂದು ಇದೆ, ಹಾಗಾಗಿ ಹಿಂಡಿಯ ಸ್ಯಾಂಪಲ್ಲನ್ನೂ ಬೊಂಬಾಯಿಯಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿಯೇ ಕರಾರು ಎನ್ನುತ್ತಾರೆ."

ಕರಿಬಸವರಾಜನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಎರಡೂ ಕಾರು ಹೋದವು. ಗುತ್ತೆಪ್ಪ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡು ಮುದುಕಿಯ ಮುಂದೆ ಹಾದುಹೋದ. ಅವಳ ಕೈಯಲ್ಲಿ ಆಗಲೇ ವಿಭೂತಿಯ ಗಟ್ಟಿ ಇತ್ತು.

ಶುಕ್ರವಾರ ಬೆಳಗ್ಗೆ ಗಿರಣಿಯ ಹಮಾಲರ ಮೇಸ್ತ್ರಿ ಹುಲಿಯಪ್ಪ ನಾಲ್ಕು ಆಳು, ಎರಡು ಹಾರೆಯ ಜೊತೆ ಶೆಡ್ಡಿನ ಮುಂದೆ ಬಂದು ನಿಂತ.

"ಗುತ್ತೆಪ್ಪಾ, ಸಾಮಾನು ತೆಕ್ಕಳಪ್ಪಾ. ಮ್ಯಾಲಿಂದ ಹುಕುಂ ಆಗೈತೆ."

"ತಪ್ಪು ನಂದಲ್ಲ ಅಂತ ಆ ಸಾಹೇಬನೇ ಹೇಳ್ಯಾನೆ ಹುಲಿಯಪ್ಪಣ್ಣ."

"ಹೇಳಿರ್ಬಹುದು. ಇಂಗ್ಲೀಷಿನಾಗೆ ಹೇಳ್ಯಾನೆ, ಹರಿಹರದಾಗೆ ಹೇಳ್ಯಾನೆ. ಇಲ್ಲಿ ಯಾರಿಗೆ ಕೇಳಿಸೈತೆ? ಊರ ತುಂಬ ಏನಂತ ಐತೆ ಗೊತ್ತಾ? ಗುತ್ತೆಪ್ಪನ ಕೈಗೆ ಕೊಟ್ರೆ ದೇವರ ಮುಖಾನೇ ಅಳಿಸ್ತಾನೆ ಅಂತ. ಸೋಡಾ ಅಂಗಡಿಯೋನು ಬೋರ್ಡು ವಾಪಸ್ ಕೇಳ್ತಿದ್ದ."

ಇದು ಶೆಡ್ಡಿಗಿಂತ ದೊಡ್ಡ ಏಟು. ಗುತ್ತೆಪ್ಪ ಬಾಗಿಲಿಗೆ ಅಡ್ಡ ನಿಂತ. "ಎಳೀರಿ ನೋಡ್ತೀನಿ. ಮೊದ್ಲು ನನ್ನ ಎಳೀರಿ."

"ಯಾಕಪ್ಪಾ ನಮ್ಮ ಹೊಟ್ಟೆ ಮ್ಯಾಲೆ ಹೊಡೀತೀಯ," ಎಂದು ಹುಲಿಯಪ್ಪ ಬೇಸರದಿಂದಲೇ ಕಣ್ಸನ್ನೆ ಮಾಡಿದ. ಇಬ್ಬರು ಗುತ್ತೆಪ್ಪನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಒಬ್ಬ ಮೇಲೆ ಹತ್ತಿ ಹಾರೆಯಿಂದ ಮೊದಲ ತಗಡು ಎಬ್ಬಿಸಿದ. ಮೊಳೆ ಕಿತ್ತು ಬರುವ ಕರ್ಕಶ ಸದ್ದಿಗೆ ಗಿರಣಿಯ ಒಳಗಿಂದ ಶೇಂಗಾ ಆರಿಸುವ ಹೆಂಗಸರು ಓಡಿ ಬಂದರು. ರಸ್ತೆಯಲ್ಲಿ ಜನ ನಿಂತಿತು. ಗುತ್ತೆಪ್ಪ ಹಿಡಿದವರ ಕೈಯಲ್ಲಿ ಒದ್ದಾಡುತ್ತಿದ್ದ.

ಜನ ಎರಡು ಪಾಲಾಗಿ ದಾರಿ ಬಿಟ್ಟಿತು. ಬರಿಗಾಲಲ್ಲಿ, ಬಿಳಿ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ಅಕ್ಕನಾಗಮ್ಮ ನಡೆದು ಬರುತ್ತಿದ್ದಳು. ಹರಿಹರದಿಂದ ಬಸ್ಸಿನಲ್ಲಿ, ಒಬ್ಬಳೇ. ಹೊಸ್ತಿಲು ದಾಟಿ ಎಷ್ಟು ವರ್ಷವಾಗಿತ್ತೋ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಯಾರನ್ನೂ ಕೇಳದೆ ಶೆಡ್ಡಿನ ಒಳಗೆ ಹೋಗಿ ಬಣ್ಣದ ಡಬ್ಬಿಗಳ ನಡುವೆ ನೆಲದ ಮೇಲೆ ಕೂತಳು.

"ಈಗ ಎಳೀರಿ," ಅಂದಳು.

ಮೇಲಿದ್ದವನು ತಗಡು ಕೈಯಲ್ಲಿ ಹಿಡಿದು ಗಿಡದ ಮೇಲಿನ ಮಂಗನ ಹಾಗೆ ನಿಂತ. ಹುಲಿಯಪ್ಪ ಕೈ ಮುಗಿದ. "ದೊಡ್ಡವ್ವಾರೆ, ಏನಿದು? ಏಳ್ರಿ, ಸಾವ್ಕಾರ್ರು ನಮ್ಮನ್ನ ಉಳಿಸಲ್ಲ."

"ಅವನನ್ನೇ ಕರೀ."

ಕರೆಯಬೇಕಾಗಲಿಲ್ಲ. ಕರಿಬಸವರಾಜ ಗಿರಣಿಯ ಗೇಟಿನಿಂದ ಓಡೋಡಿ ಬಂದ. ರುಮಾಲು ಇರಲಿಲ್ಲ.

"ಅತ್ತೆ, ಬೀದ್ಯಾಗೆ ಕೂತು ಮಾನ ಕಳೀತೀಯಾ? ಏಳು. ಕಾರು ಐತೆ."

"ಮಾನ ನಿನ್ನೆನೇ ಹೋತು, ನಾನು ಸುಳ್ಳು ಹೇಳ್ದಾಗ."

ಗುತ್ತೆಪ್ಪ ಹಿಡಿದಿದ್ದವರ ಕೈ ಕೊಡವಿಕೊಂಡು ಮುಂದೆ ಬಂದ. ಕರುಣೆ ಅವನಿಗೆ ಬರಲಿಲ್ಲ. ಮುದುಕಿಯನ್ನು ನೋಡಿ ಸಿಟ್ಟು ನೆತ್ತಿಗೇರಿತು. "ಇವತ್ತು ಬಂದು ಕೂತ್ರೆ ಏನಾತ್ರೀ ಅವ್ವಾರೆ? ನಿನ್ನೆ ಒಂದು ಮಾತು ಹೇಳಿದ್ರೆ ಆಗಿರೋದು. ಬಸ್ಸಿನ ದಾರಿನಾದ್ರೂ ಉಳೀತಿತ್ತು."

"ನಿನ್ನೆ ಸವೆತ ಅಂತ ಹೇಳಿದ್ರೆ ಹಣೆ ಬರೆಸ್ಕಂಡು ಅಜ್ಜಯ್ಯನ್ನ ಒಯ್ತಾರೆ ಅಂತ ಅಂದ್ಕಂಡಿದ್ದೆ," ಅಂದಳು ಅಕ್ಕನಾಗಮ್ಮ, ಬೆಲೆ ಹೇಳುವವರ ಹಾಗೆ ನೇರವಾಗಿ. "ನಿನ್ನ ಶೆಡ್ಡೋ, ಅಜ್ಜಯ್ಯನೋ ಅಂತ ನೋಡ್ದೆ. ಅಜ್ಜಯ್ಯನೇ ಹೆಚ್ಚು ಅನ್ನಿಸ್ತು. ಈಗಲೂ ಹಂಗೇ ಅನ್ನಿಸ್ತೈತೆ. ಬೈ ಬೇಕಾದ್ರೆ."

ಇಷ್ಟು ನೇರ ಮಾತನ್ನು ಆ ಮನೆತನದವರು ಗುತ್ತೆಪ್ಪನ ಹತ್ತಿರ ಯಾವತ್ತೂ ಆಡಿರಲಿಲ್ಲ.

"ನನಗೆ ಬರೀ ಶೆಡ್ಡು ಬ್ಯಾಡ," ಎಂದ. "ದೇವರ ಮುಖ ಅಳಿಸಿದೋನು ಅನ್ನೋ ಹೆಸರು ಹೋಗ್ಬೇಕು. ಈ ಜನದ ಮುಂದೆ. ಇವರ ಬಾಯಿಂದ." ಸಾಹುಕಾರನ ಕಡೆ ಬೆರಳು ಮಾಡಿದ.

ಕರಿಬಸವರಾಜ ಬೇರೆ ಕಡೆ ನೋಡಿದ. ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

ಅಕ್ಕನಾಗಮ್ಮ ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಎದ್ದು ರಸ್ತೆಗೆ ಬಂದಳು. ಗಂಡಸರ ಮುಂದೆ ದನಿಯೆತ್ತಿ ಮಾತಾಡಿ ಅಭ್ಯಾಸವಿಲ್ಲದ ಗಂಟಲು ಮೊದಲು ಬರೀ ಗಾಳಿ ಬಿಟ್ಟಿತು. ಇನ್ನೊಂದು ಸಲ ಪ್ರಯತ್ನಿಸಿದಳು. ಈ ಸಲ ದನಿ ಗಿರಣಿಯ ಇಂಜಿನ್ನಿನ ಸದ್ದನ್ನೂ ದಾಟಿತು.

"ಎಲ್ರೂ ಕೇಳ್ರಪ್ಪಾ. ಕರಿಯಂಗಿ ಅಜ್ಜಯ್ಯನ ಹಣೆ ಅಳಿಸಿದೋನು ಈ ಹುಡುಗ ಅಲ್ಲ. ನಾನು ಅಳಿಸಿದ್ದು. ನಮ್ಮಜ್ಜಿ ಅಳಿಸಿದ್ಲು, ಅವಳ ಅತ್ತೆ ಅಳಿಸಿದ್ಲು. ದಿನಾ ಒಂಚೂರು. ಇವನು ಒಂಚೂರೂ ಕೆಡಿಸಿಲ್ಲ; ಮುನ್ನೂರು ವರ್ಷದ ಮಸಿ ತೆಗೆದು ಅಜ್ಜಯ್ಯನ ಕೈ ತೋರ್ಸಿದ, ಕೈಯಾಗಿನ ಕಾಗದ ತೋರ್ಸಿದ. ನಾನು ಅರವತ್ತು ವರ್ಷ ಪೂಜೆ ಮಾಡೀನಿ, ಅವನ ಮುಂದೆ ಮೆಣಸು ಐತೆ ಅಂತ ನನಗೇ ಗೊತ್ತಿರ್ಲಿಲ್ಲ. ಇವನ ಕೈ ಕೆಟ್ಟದ್ದು ಅಂದೋರನ್ನ ನನ್ನ ಹತ್ರ ಕಳಿಸ್ರಿ."

ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಬ್ಬಳು ಅವಳನ್ನು ಮೊಣಕೈಯಿಂದ ತಿವಿದು ಸುಮ್ಮನಾಗಿಸಿದಳು.

ಕರಿಬಸವರಾಜ ನೆಲ ನೋಡುತ್ತ ಹುಲಿಯಪ್ಪನಿಗೆ ಹೇಳಿದ. "ತಗಡು ವಾಪಸ್ ಹಾಕ್ರಿ."

ಮೇಲಿದ್ದವನು ಉಸಿರು ಬಿಟ್ಟು ತಗಡನ್ನು ಮೊದಲಿನ ಜಾಗಕ್ಕೆ ತಳ್ಳಲು ಹೊರಟ.

"ಬ್ಯಾಡ, ಇಳಿ ಕೆಳಗೆ," ಎಂದು ಗುತ್ತೆಪ್ಪ ಕೂಗಿದ. "ನೀವು ಮೊಳೆ ಸೊಟ್ಟ ಹೊಡೀತೀರಿ. ನಾನೇ ಹಾಕ್ಕಂತೀನಿ."

ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, ಅವನು ಮೇಲೆ ಹತ್ತಿದ.